ಹೇಳಿದಷ್ಟಕ್ಕೇ ಒಪ್ಪಿದ ಇಂದೂಬಾಯಿ

ಮೊನ್ನೆ ಅಥಣಿಯ ಸಂತೆಯಲ್ಲಿ ನನ್ನಿಂದ ಒಂದು ತಪ್ಪಾಯಿತು. ಬದನೆಕಾಯಿ ಮಾರುವವಳು ಒಂದು ಬೆಲೆ ಹೇಳಿದಳು. ನಾನು ಯಾವುದೋ ಗುಂಗಿನಲ್ಲಿ ಚೀಲ ಮುಂದೆ ಹಿಡಿದು ಆಕೆ ಹೇಳಿದಷ್ಟನ್ನೂ ಕೊಟ್ಟುಬಿಟ್ಟೆ. ಆಕೆಗೆ ಖುಷಿಯಾಗಬೇಕಿತ್ತಲ್ಲವೆ? ಆಗಲಿಲ್ಲ. ನೋಟು ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಬುಟ್ಟಿಯಿಂದ ಒಂದು ಬದನೆಕಾಯಿ ಎತ್ತಿ, ಇದರಲ್ಲಿ ಅಂಥಾದ್ದೇನಿದೆ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದಳು. ನಾಲ್ಕು ಹೆಜ್ಜೆ ಹೋಗಿ ನಾನು ಹೊರಳಿ ನೋಡಿದಾಗ ಪಕ್ಕದವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಮೋಸಹೋದವಳ ಮುಖ ಅದು. ಎಲ್ಲೋ ನೋಡಿದ್ದೇನಲ್ಲ ಎನಿಸಿತು. ಮನೆಗೆ ಬಂದು ಆ ಬದನೆಕಾಯಿಗಳನ್ನು ಹೆಚ್ಚುವಾಗ ನೆನಪಾಯಿತು. ಅದು ನಮ್ಮವರ ಮುಖ. ಎಂಬತ್ತರ ದಶಕದ ಕೊನೆಗೆ, ನಿಪ್ಪಾಣಿಯ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗಿನ ಮುಖ.

ನಮ್ಮವರು ಈಗಲೂ ಪೇಪರಿನಲ್ಲಿ ಮಾರುಕಟ್ಟೆ ಧಾರಣೆ ಬಿಟ್ಟು ಬೇರೇನನ್ನೂ ಓದುವುದಿಲ್ಲ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಚೌಕಾಸಿ ನನಗೆ ಹೊಸದಲ್ಲ. ನನ್ನ ತವರು ಕಾಗವಾಡ. ಅಲ್ಲಿ ನಮ್ಮವ್ವ ಬಳೆಗಾರನ ಜೊತೆ ಮಾಡುತ್ತಿದ್ದ ಚೌಕಾಸಿ ನೋಡಲು ಅಕ್ಕಪಕ್ಕದವರು ಕೆಲಸ ಬಿಟ್ಟು ಬರುತ್ತಿದ್ದರು. ಅವನು ಒಂದು ಹೇಳುತ್ತಿದ್ದ, ಅವ್ವ ಅದರ ಅರ್ಧ ಹೇಳುತ್ತಿದ್ದಳು. ಅವನು ಬಳೆ ಎಣಿಸಿ ಗಂಟು ಕಟ್ಟುವಂತೆ ಮಾಡುತ್ತಿದ್ದ, ಅವ್ವ ನನ್ನ ಕೈ ಹಿಡಿದು ದರದರ ಎಳೆದುಕೊಂಡು ಹೊರಡುತ್ತಿದ್ದಳು. ಓಣಿಯ ಬೇವಿನ ಗಿಡ ದಾಟುವುದರೊಳಗೆ ಅವನು 'ಬರ್ರೀ ಅವ್ವಾರ' ಎಂದು ಕರೆಯಲೇಬೇಕು. ಒಂದು ಸಲ ಅವನು ಕರೆಯುವುದನ್ನು ಮರೆತ. ಅವ್ವ ಬೇವಿನ ಗಿಡದ ಕೆಳಗೆ ಬಗ್ಗಿ ಕಾಲಿಗೆ ಮುಳ್ಳು ಚುಚ್ಚಿದೆ ಎಂದು ಬಹಳ ಹೊತ್ತು ಹುಡುಕಿದಳು. ಅವನಿಗೆ ನೆನಪಾದ ಮೇಲೆ ಮುಳ್ಳೂ ಸಿಕ್ಕಿತು.

ಇಂಥ ಮನೆಯಿಂದ ಬಂದ ನನಗೆ ನಮ್ಮವರ ಆಸೆ ಅರ್ಥವಾಗುತ್ತಿತ್ತು. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಹತ್ತು ಗಂಟೆಗೆ ಹೋಗಿ ಐದೂವರೆಗೆ ಬರುವ ಮನುಷ್ಯನಿಗೆ ಜೀವನದಲ್ಲಿ ದೊಡ್ಡ ವ್ಯಾಪಾರ ಮಾಡುವ ಅವಕಾಶ ಬರುವುದೇ ಒಂದು ಸಲ, ಮನೆ ಮಾರುವಾಗ.

ನಿಪ್ಪಾಣಿಯ ಆ ಮನೆ ಕಟ್ಟಿಸಿದವರು ನಮ್ಮ ಮಾವ. ಮದುವೆ, ಸೀಮಂತಗಳಿಗೆ ಅಡಿಗೆ ಮಾಡುವ ಆಚಾರಿಯಾಗಿದ್ದರು. ಅವರ ಲೆಕ್ಕದಲ್ಲಿ ಮನೆ ಎಂದರೆ ಒಲೆ. ಮೊದಲು ಕೆರೆಯ ಮಣ್ಣು ತಂದು ಮೂರು ಬಾಯಿಯ ಉದ್ದನೆಯ ಒಲೆ ಹಾಕಿದರು. ಒಲೆಗೆ ಮಳೆ ಬೀಳಬಾರದೆಂದು ಅದರ ಮೇಲೆ ಅಡಿಗೆಮನೆ ಕಟ್ಟಿದರು. ಉಳಿದ ಜಾಗದಲ್ಲಿ, ಹೆಂಡತಿ ಮಕ್ಕಳೂ ಇದ್ದಾರಲ್ಲ ಎಂದು, ಒಂದು ಸಣ್ಣ ಪಡಸಾಲೆ, ಒಂದು ಕೋಣೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನಾಲ್ಕು ಜನರ ಸಾರನ್ನು ಆ ಒಲೆಯ ಮೇಲೆ ಇಟ್ಟರೆ, ಪಾತ್ರೆ ಎಲ್ಲಿದೆ ಎಂದು ಹುಡುಕಬೇಕಾಗುತ್ತಿತ್ತು.

ಮಾವ ತೀರಿಕೊಂಡರು. ಮುಂದೆ ಕೆಲವು ವರ್ಷಕ್ಕೆ ನಮ್ಮವರಿಗೆ ಅಥಣಿಗೆ ವರ್ಗವಾಯಿತು. ಅಲ್ಲಿ ನಮಗೆ ಸಿಕ್ಕಿದ್ದು ಬೆಲ್ಲದ ಗೋದಾಮಿನ ಮೇಲಿನ ಒಂದು ಕೋಣೆ. ಕೆಳಗೆ ಬೆಲ್ಲ, ಮೇಲೆ ನಾವು, ನಡುವೆ ಇರುವೆಗಳು. ಹಾಸಿಗೆಯಲ್ಲಿ ಇರುವೆ, ಮಕ್ಕಳ ಪಾಟಿಚೀಲದಲ್ಲಿ ಇರುವೆ. ನಮ್ಮ ಇಬ್ಬರು ಹೆಣ್ಣುಮಕ್ಕಳಲ್ಲಿ ಸಣ್ಣವಳು ಕೆಲವು ಇರುವೆಗಳಿಗೆ ಹೆಸರಿಟ್ಟಿದ್ದಳು, ದೊಡ್ಡವಳ ಮೈತುಂಬ ಗಾದರಿ ಎದ್ದಿದ್ದವು. ಅಷ್ಟರಲ್ಲಿ ಪಾಯಪ್ಪ ಮಾಸ್ತರು ಎಂಬ ನಿವೃತ್ತ ಶಿಕ್ಷಕರು ಅಥಣಿಯ ತಮ್ಮ ಮನೆ ಮಾರಿ ಶೇಡಬಾಳದ ಹೊಲಕ್ಕೆ ಹೋಗುತ್ತಾರೆಂದು ತಿಳಿಯಿತು. ಹೆಣ್ಣುಮಕ್ಕಳ ಶಾಲೆ ರಸ್ತೆಯ ಆಚೆ ಬದಿಗೆ. ಹಿತ್ತಲಲ್ಲಿ ಬಾವಿ. ಮಾಸ್ತರು ನಲವತ್ತೈದು ಸಾವಿರ ಹೇಳಿದರು. "ಯುಗಾದಿ ತನಕ ಕಾಯ್ತೀನ್ರಿ. ಆಮ್ಯಾಲ ಬ್ಯಾರೆದವರಿಗೆ ಹೇಳ್ತೀನಿ" ಎಂದರು. ಅವರು ಮೂವತ್ತು ವರ್ಷ ಗಣಿತ ಕಲಿಸಿದವರು. ಹೇಳಿದ್ದನ್ನು ಎರಡನೆಯ ಸಲ ಹೇಳುವ ಅಭ್ಯಾಸವಿರಲಿಲ್ಲ.

ನಮ್ಮವರು ನಿಪ್ಪಾಣಿಯ ಮನೆಗೂ ನಲವತ್ತೈದು ಹೇಳುವುದೆಂದು ನಿಶ್ಚಯಿಸಿದರು. ಹೇಳುವುದು ನಲವತ್ತೈದು, ಕೊಡುವುದು ನಲವತ್ತಮೂರಕ್ಕೆ. ಹಾಗೆಯೇ ಮಾಸ್ತರನ್ನು ನಲವತ್ತೈದರಿಂದ ನಲವತ್ತಮೂರಕ್ಕೆ ಇಳಿಸುವುದು. ಹಾಗಿದ್ದರೆ ಎರಡನ್ನೂ ನಲವತ್ತೈದಕ್ಕೇ ಬಿಟ್ಟರಾಗದೇ ಎಂದು ನಾನು ಕೇಳಿದೆ. ಅವರು ಮರುಕದಿಂದ ನನ್ನನ್ನು ನೋಡಿದರು. ಹೆಂಗಸರಿಗೆ ವ್ಯವಹಾರ ತಿಳಿಯುವುದಿಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಮೂರು ಸಂಜೆ ತಾಲೀಮು ನಡೆಯಿತು. ನಾನು ಗಿರಾಕಿ, ಅವರು ಮಾಲಕರು. ನಾನು ಮೂವತ್ತೈದು ಎನ್ನಬೇಕು, ಅವರು ಹಲ್ಲು ಕಾಣದಂತೆ ನಗಬೇಕು. ನಾನು ಎದ್ದು ಹೋಗಬೇಕು, ಅವರು ಬೇರೆ ಕಡೆ ನೋಡುತ್ತ ಅಡಿಕೆ ಕತ್ತರಿಸಬೇಕು. ಎರಡನೆಯ ಸಂಜೆ ನಾನು ಎದ್ದವಳು ನಿಜಕ್ಕೂ ನೀರು ತರಲು ಹೋದೆ. ಬಂದು ನೋಡಿದರೆ ಅವರು ಇನ್ನೂ ಅಡಿಕೆ ಕತ್ತರಿಸುತ್ತಿದ್ದರು.

ಮೊದಲ ಗಿರಾಕಿಯಾಗಿ ಬಂದವರು ಇಂದೂಬಾಯಿ. ಐವತ್ತರ ಆಸುಪಾಸಿನ ವಿಧವೆ. ನಿಪ್ಪಾಣಿಯಲ್ಲೇ ಬಾಡಿಗೆ ಜಾಗದಲ್ಲಿ ಖಾನಾವಳಿ ನಡೆಸುತ್ತಿದ್ದರು. ತಂಬಾಕಿನ ವಖಾರಿಗಳ ಗುಮಾಸ್ತರು, ಲಾರಿ ಡ್ರೈವರುಗಳು ಅವರಲ್ಲಿ ಉಣ್ಣುತ್ತಿದ್ದರು. ಮನೆಮಾತು ಮರಾಠಿ, ಕನ್ನಡವನ್ನೂ ಅಷ್ಟೇ ಸಲೀಸಾಗಿ ಆಡುವವರು. ಒಂದು ಭಾನುವಾರ ನಾವು ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ನಿಪ್ಪಾಣಿಗೆ ಹೋಗಿ ಬೀಗ ತೆಗೆದು ಕೂತಿದ್ದೆವು. ಇಂದೂಬಾಯಿ ಬಂದರು. ಪಡಸಾಲೆಯತ್ತ ನೋಡಲಿಲ್ಲ, ನೇರ ಅಡಿಗೆಮನೆಗೆ ಹೋದರು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಳಗೆ ಕೈ ಹಾಕಿ ನೋಡಿದರು. ತಲೆಯೆತ್ತಿ ಹೊಗೆ ಹೋಗುವ ಕಿಂಡಿ ನೋಡಿದರು. ಎದ್ದು, ಒಲೆಯ ದಂಡೆಯ ಮೇಲೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಹೊರಗೆ ಬಂದು ಎಷ್ಟು ಎಂದು ಕೇಳಿದರು.

ನಮ್ಮವರು ಗಂಟಲು ಸರಿಮಾಡಿಕೊಂಡು, ಅಡಕೊತ್ತು ಕೈಗೆ ತೆಗೆದುಕೊಂಡು, ನಲವತ್ತೈದು ಎಂದರು.

"ಬರ. ಘೇತೆ" ಎಂದರು ಇಂದೂಬಾಯಿ. ನಮಗೆ ತಿಳಿಯಲಿಲ್ಲವೇನೋ ಎಂದು ಕನ್ನಡದಲ್ಲೂ ಹೇಳಿದರು, "ಆತ್ರಿ. ತಗೊಂಡೆ ಅಂತ ತಿಳೀರಿ."

ಅಡಕೊತ್ತಿನ ಬಾಯಲ್ಲಿ ಅಡಿಕೆ ಹಾಗೇ ಉಳಿಯಿತು. ಕಟ್ಟೆಯ ಮೇಲೆ ಕೂತ ನಮ್ಮವರ ಮುಖ ಆಗಲೇ ಹಾಗಾದದ್ದು. ಇಂದೂಬಾಯಿಯನ್ನು ನೋಡಿದರು, ಮನೆಯನ್ನು ನೋಡಿದರು, ಮತ್ತೆ ಇಂದೂಬಾಯಿಯನ್ನು ನೋಡಿದರು. ಕೊನೆಗೆ, ವಿಚಾರ ಮಾಡಿ ಹೇಳುತ್ತೇನೆ ಎಂದರು.

"ವಿಚಾರ ನಾ ಮಾಡಬೇಕಲ್ರಿ?" ಎಂದು ಇಂದೂಬಾಯಿ ನನ್ನ ಕಡೆ ತಿರುಗಿ ಕೇಳಿದರು. ನಾನು ಸೆರಗು ಸರಿಮಾಡಿಕೊಂಡೆ.

ವಾಪಸು ಬರುವಾಗ ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿಬಜಿಯ ಪೊಟ್ಟಣವನ್ನು ನಮ್ಮವರ ಕೈಗೆ ಕೊಟ್ಟೆ. ಒಂದನ್ನು ಅರ್ಧ ಕಡಿದು, ದೂರ ನೋಡುತ್ತ, "ಏನೋ ಐತಿ" ಎಂದರು. ಬಜಿಯಲ್ಲಿ ಏನಾದರೂ ಬಂತೇ ಎಂದು ನಾನು ಗಾಬರಿಯಾದೆ. ಅವರು ಹೇಳಿದ್ದು ಮನೆಯ ಬಗ್ಗೆ.

ಆ 'ಏನೋ' ಏನೆಂದು ಹೇಳಿದವರು ರಾಯಬಾಗದ ಗಂಗಕ್ಕ, ನಮ್ಮವರ ಅಕ್ಕ. ಸುದ್ದಿ ಕೇಳಿದ ವಾರದಲ್ಲೇ ಅಥಣಿಗೆ ಬಂದಿಳಿದರು. ಇರುವೆ ಕೊಡವಿದ ಚಾಪೆಯ ಮೇಲೆ ಕಾಲು ಚಾಚಿ ಕೂತು, ಕೇಳಿದ ರೇಟಿಗೆ ಮರುಮಾತಿಲ್ಲದೆ ಹೂಂ ಎನ್ನುವವರು ಈ ಭೂಮಿಯ ಮೇಲೆ ಯಾರೂ ಇಲ್ಲ, ಅಂದಮೇಲೆ ಆ ಹೆಂಗಸಿಗೆ ಮನೆಯ ಗುಟ್ಟು ಗೊತ್ತಿರಬೇಕು ಎಂದರು. ಸೀದಾ ಅಡಿಗೆಮನೆಗೆ ಹೋದಳಲ್ಲ, ಒಲೆಯೊಳಗೆ ಕೈ ಹಾಕಿದಳಲ್ಲ ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ದನಿ ತಗ್ಗಿಸಿ, "ಅಪ್ಪ ಸಾಯುಮುಂದ ಒಲಿ ಕಡೆ ಬೊಟ್ಟ ಮಾಡಿ ತೋರಿಸಿದ್ದ. ನೆನಪೈತಿಲ್ಲ ನಿನಗ?" ಎಂದರು.

ಮಾವ ಬೊಟ್ಟು ಮಾಡಿ ತೋರಿಸಿದ್ದು ನಿಜ. ಆಗ ಪಕ್ಕದಲ್ಲಿ ಕೂತವಳು ನಾನು. ಅವರು ಚಹಾ ಕೇಳಿದ್ದರು. ಮಾಡಿ ಕೊಟ್ಟೆ, ಕುಡಿದರು, ಸಕ್ಕರೆ ಕಡಿಮೆಯಾಗಿದೆ ಎಂದು ಮುಖ ಕಿವುಚಿದರು. ಇದನ್ನು ನಾನು ಅಂದೂ ಹೇಳಿದ್ದೆ, ಈಗಲೂ ಹೇಳಿದೆ. ಅಕ್ಕತಮ್ಮ ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ನಿಧಿ ಇರಬಹುದಾದ ಜಾಗದಲ್ಲಿ ಚಹಾ ಯಾರಿಗೆ ಬೇಕು?

ಅಷ್ಟರ ಮಧ್ಯೆ ಬೇರೆ ಗಿರಾಕಿಗಳೂ ಬಂದರು. ಚಿಕ್ಕೋಡಿಯ ಒಬ್ಬರು ಹೊಸ್ತಿಲು ದಾಟುತ್ತಿದ್ದಂತೆ ನಿಪ್ಪಾಣಿಯ ತಂಬಾಕಿನ ಘಾಟಿಗೆ ನಾಲ್ಕು ಸಲ ಸೀನಿ, ಅಪಶಕುನವೆಂದು ಅಲ್ಲಿಂದಲೇ ತಿರುಗಿದರು. ಇನ್ನೊಬ್ಬರು ಎಲ್ಲವನ್ನೂ ನೋಡಿ, ಅಡಿಗೆಮನೆ ಕೆಡವಿಸುವ ಖರ್ಚು ಬೇರೆ ಬರುತ್ತದೆ ಎಂದು ಮೂವತ್ತು ಎಂದರು. ನಮ್ಮವರು ತಾಲೀಮು ಮಾಡಿದ ನಗೆ ನಕ್ಕರು. ಆತ ಅದನ್ನು ಒಪ್ಪಿಗೆ ಎಂದು ತಿಳಿದ. ಬಿಡಿಸಿ ಹೇಳುವಷ್ಟರಲ್ಲಿ ಸಾಕಾಯಿತು.

ಯುಗಾದಿಗೆ ಮೂರು ವಾರ ಉಳಿದಾಗ, ಒಂದು ಭಾನುವಾರ ಬೆಳಿಗ್ಗೆ ನಮ್ಮವರು ನಿಪ್ಪಾಣಿಯ ಮನೆಯಲ್ಲಿ ಧೋತರ ಮೇಲೆ ಕಟ್ಟಿ ಹಾರೆ ಹಿಡಿದರು. ಬೇಡವೆಂದೆ. ಕೊಡುವ ಮುಂಚೆ ಒಮ್ಮೆ ನೋಡಿಬಿಡುವುದರಲ್ಲಿ ತಪ್ಪೇನು ಎಂದರು. ಮೊದಲ ಏಟಿಗೆ ಒಲೆಯ ದಂಡೆ ಕುಸಿಯಿತು. ನನಗೆ ಮಾವನವರ ಬೆನ್ನಿಗೆ ಹೊಡೆದಂತಾಗಿ ಹಿತ್ತಲಿಗೆ ಹೋಗಿ ನಿಂತೆ. ಹನ್ನೊಂದು ಗಂಟೆಯ ಹೊತ್ತಿಗೆ ಸೊಂಟದಷ್ಟು ಆಳದ ಗುಂಡಿಯಾಗಿತ್ತು. ಸಿಕ್ಕ ನಿಧಿ ಇಷ್ಟು: ಪಾಯದ ಮೂರು ಕಲ್ಲು, ಬೂಂದಿ ಕರಿಯುವ ಜಾಲರಿಯ ಮುರಿದ ಹಿಡಿಕೆ, ಮತ್ತು ಯಾವುದೋ ಇಲಿ ಬಹಳ ವರ್ಷಗಳಿಂದ ಕೂಡಿಸಿಟ್ಟ ಶೇಂಗಾ.

ಅದೇ ಹೊತ್ತಿಗೆ ಇಂದೂಬಾಯಿ ಬಂದರು. ಬಾಗಿಲು ತೆರೆದದ್ದು ಕಂಡು, ವಿಚಾರ ಮುಗಿದಿರಬೇಕು ಎಂದು, ಮುಂಗಡದ ಹಣವನ್ನು ಬಟ್ಟೆಯಲ್ಲಿ ಕಟ್ಟಿಕೊಂಡೇ ಬಂದಿದ್ದರು. ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಗುಂಡಿಯೊಳಗೆ ಮೈಯೆಲ್ಲ ಬೂದಿಯಾದ ನಮ್ಮವರು, ಕೈಯಲ್ಲಿ ಹಾರೆ.

"ಒಲಿ?" ಎಂದರು ಇಂದೂಬಾಯಿ.

ದುರಸ್ತಿ ಮಾಡಾಕತ್ತೀನ್ರಿ ಎಂದರು ನಮ್ಮವರು, ಗುಂಡಿಯ ಒಳಗಿನಿಂದ. ಇಂದೂಬಾಯಿ ಕೈಯಲ್ಲಿದ್ದ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಂದ ದಾರಿಯಲ್ಲೇ ನಡೆದರು. ನಾನು ಹಿಂದೆ ಹೋಗಿ ಕರೆಯಬೇಕಿತ್ತು. ನಾಚಿಕೆಯಾಗಿ ಹಿತ್ತಲಲ್ಲೇ ಉಳಿದೆ.

ಮುಂದಿನ ವಾರ ಯಾರೂ ಬರಲಿಲ್ಲ. ಮೂವತ್ತು ಎಂದವನೂ ಈಗ ಗುಂಡಿ ಮುಚ್ಚುವ ಖರ್ಚು ಸೇರಿಸಿ ಇಪ್ಪತ್ತೆಂಟು ಎಂದು ಹೇಳಿ ಕಳಿಸಿದ. ಪಾಯಪ್ಪ ಮಾಸ್ತರ ಮನೆ ನೋಡಲು ಸಕ್ಕರೆ ಕಾರ್ಖಾನೆಯ ಯಾರೋ ಬಂದು ಹೋದರೆಂದು ತಿಳಿಯಿತು. ನಮ್ಮವರು ಊಟ ಬಿಟ್ಟರು. ಆ ಸಂಜೆ ದೊಡ್ಡ ಮಗಳು ಕಿವಿ ಹಿಡಿದುಕೊಂಡು ಅಳುತ್ತ ಬಂದಳು. ಕಿವಿಯೊಳಗೆ ಇರುವೆ. ಬೆಚ್ಚಗಿನ ಎಣ್ಣೆ ಹಾಕಿ ತೆಗೆಯುವಷ್ಟರಲ್ಲಿ ನಾನು ನಿರ್ಧಾರ ಮಾಡಿದ್ದೆ. ಗೆಳತಿಯ ಮಗುವಿನ ತೊಟ್ಟಿಲಿದೆ ಎಂದು ಸುಳ್ಳು ಹೇಳಿ ಮರುದಿನ ಒಬ್ಬಳೇ ನಿಪ್ಪಾಣಿಗೆ ಹೋದೆ.

ಇಂದೂಬಾಯಿಯ ಖಾನಾವಳಿ ಒಂದು ಇಕ್ಕಟ್ಟಾದ ತಗಡಿನ ಶೆಡ್ಡು. ಎರಡು ಸಣ್ಣ ಒಲೆ, ಹೊಗೆ ಹೋಗಲು ದಾರಿಯಿಲ್ಲ. ಅವರು ಭಕ್ಕರಿ ತಟ್ಟುತ್ತಿದ್ದರು. ಕಣ್ಣು ಕೆಂಪಗಿದ್ದವು. ನನ್ನನ್ನು ಕಂಡು ಎದ್ದೇಳಲಿಲ್ಲ, ಕೂಡ್ರಿ ಎಂದೂ ಅನ್ನಲಿಲ್ಲ. ನಾನೇ ಮಣೆ ಎಳೆದುಕೊಂಡು ಕೂತೆ.

ಒಂದು ಭಕ್ಕರಿ ತಟ್ಟಿ ಮುಗಿಸಿ ಅವರು ಹೇಳಿದರು, "ನಿಮ್ಮ ಯಜಮಾನ್ರು ನನ್ನ ಕಳ್ಳಿನ ನೋಡಿದಾಂಗ ನೋಡಿದ್ರು ಬಾಯಿ. ನಾ ಏನ ತಪ್ಪ ಮಾಡಿದ್ನಿ? ಕೇಳಿದಷ್ಟ ಕೊಡ್ತೀನಿ ಅಂದ್ನಿ."

ನಾನು ಎಲ್ಲವನ್ನೂ ಹೇಳಿಬಿಟ್ಟೆ. ಮೂರು ಸಂಜೆಯ ತಾಲೀಮು, ಅಡಿಕೆ, ಗಂಗಕ್ಕ, ಮಾವನ ಚಹಾ, ಇಲಿಯ ಶೇಂಗಾ. ಶೇಂಗಾ ತನಕ ಬಂದಾಗ ಇಂದೂಬಾಯಿ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕರು. ಬಹಳ ಹೊತ್ತು ನಕ್ಕರು. ಹೊಗೆಗೆ ಬಂದ ನೀರೋ ನಗುವಿಗೆ ಬಂದ ನೀರೋ, ಸೆರಗಿನಿಂದ ಒರೆಸಿಕೊಂಡರು. ನೀವಾದರೂ ಒಂದು ಮಾತು ಕಡಿಮೆ ಕೇಳಬಾರದಿತ್ತೇ ಎಂದೆ.

"ಮುಂಜಾನೆ ಭಾಜಿಯವರ ಕೂಡ ಚೌಕಾಸಿ, ಮಧ್ಯಾಹ್ನ ಉಣ್ಣವರ ಕೂಡ ಚೌಕಾಸಿ, ತಿಂಗಳಾ ತಿಂಗಳಾ ಈ ಜಾಗದ ಮಾಲಕನ ಕೂಡ ಚೌಕಾಸಿ. ಹದಿನೆಂಟ ವರ್ಷ ಆತ್ರಿ. ಆ ಒಲಿ ಮುಂದ ಕುಂತಾಗ, ಜನ್ಮದಾಗ ಒಂದ ಸಲ ಸುಮ್ಮಕ ಹೂಂ ಅನಬೇಕು ಅನಸ್ತು."

ಅಂಥ ಹೆಂಗಸಿನ ಹತ್ತಿರ ನಾನು ಕೇಳಲು ಹೋದದ್ದು ಏನನ್ನು? ಇನ್ನೂ ಒಂದು ಸಲ ಚೌಕಾಸಿ ಮಾಡಿ ಎಂದು. ಆದರೂ ಕೇಳಿದೆ. ಇಂದೂಬಾಯಿ ಕೆಂಡ ಮುಂದೆ ಎಳೆದು, ಭಕ್ಕರಿ ಸುಟ್ಟು, ಯೋಚಿಸಿ, "ಎಷ್ಟಕ್ಕ ಶುರು ಮಾಡ್ಲಿ?" ಎಂದರು.

ಇಬ್ಬರೂ ಕೂತು ಠರಾವು ಮಾಡಿದೆವು. ಅವರು ಮೂವತ್ತೆಂಟರಿಂದ ಶುರು ಮಾಡಬೇಕು. ಹೆಂಚು, ತಂಬಾಕಿನ ಘಾಟು ಎಲ್ಲವನ್ನೂ ಬಯ್ಯಬೇಕು. ಒಂದು ಸಲ ಎದ್ದು ಹೋಗಬೇಕು. ಕೊನೆಗೆ ಸೋತವರಂತೆ, ಆಗಲಿ ನಿಮ್ಮ ನಲವತ್ತೈದೇ ಇರಲಿ ಎನ್ನಬೇಕು. ಅಲ್ಲಿಗೆ ಎಲ್ಲರಿಗೂ ಸಮಾಧಾನ.

ಭಾನುವಾರ ಇಂದೂಬಾಯಿ ನಿಪ್ಪಾಣಿಯ ಮನೆಗೆ ಬಂದರು. ನಾನು ಚಹಾ ಮಾಡುವ ನೆವದಲ್ಲಿ ಬಾಗಿಲ ಹಿಂದೆ, ಸ್ಟೋವಿನ ಮುಂದೆ ಕೂತೆ. ಅವರು ಮೂವತ್ತೆಂಟು ಎಂದದ್ದೇ ತಡ, ನಮ್ಮವರ ಮುಖ ಅರಳಿತು. ವಾರದಿಂದ ಸರಿಯಾಗಿ ಉಣ್ಣದ ಮನುಷ್ಯ ನೆಟ್ಟಗೆ ಕೂತರು. ಅಡಕೊತ್ತು ಹೊರಗೆ ಬಂತು. ಇಂದೂಬಾಯಿ ಹೆಂಚನ್ನು ಬಯ್ದರು, ಘಾಟನ್ನು ಬಯ್ದರು. ಒಲೆಯ ಮಾತು ಬಂದಾಗ ಠರಾವಿನಲ್ಲಿ ಇಲ್ಲದ್ದನ್ನೂ ಬಹಳ ಮನಸ್ಸಿನಿಂದ ಬಯ್ದರು. ಎದ್ದು ಹೋದರು. ನಮ್ಮವರು ಲೈಟಿನ ಕಂಬದ ತನಕ ಹೋಗಲು ಬಿಟ್ಟು, "ಬರ್ರೀ, ಬರ್ರೀ, ಕುಂತ ಮಾತಾಡೂಣು" ಎಂದು ಕರೆದರು. ಆ ದನಿಯಲ್ಲಿ ಎಷ್ಟು ಪ್ರೀತಿ ಇತ್ತೆಂದರೆ, ನನ್ನನ್ನು ಅವರು ಹಾಗೆ ಕರೆದದ್ದು ನೆನಪಿಲ್ಲ.

ನಲವತ್ತು ಎಂದರು ಇಂದೂಬಾಯಿ. ಇವರು ನಲವತ್ತನಾಲ್ಕು ಎಂದರು. ನನಗೆ ದಿಗಿಲಾಯಿತು. ಇವರು ಇಳಿಯುತ್ತಾರೆಂದು ನಾವು ಠರಾವಿನಲ್ಲಿ ಹಿಡಿದೇ ಇರಲಿಲ್ಲ. ಕೆಮ್ಮಿದೆ. ಇಂದೂಬಾಯಿ ಗಾಬರಿಯಿಂದ ನಲವತ್ತೊಂದು ಎಂದರು. ಇವರು ಉತ್ಸಾಹದಿಂದ ನಲವತ್ತಮೂರು ಎಂದರು. ಮತ್ತೆ ಕೆಮ್ಮಿದೆ. ಇಂದೂಬಾಯಿ ಇನ್ನು ತಡಮಾಡಬಾರದೆಂದು, "ಹೋಗ್ಲಿ ಬಿಡ್ರಿ, ನಿಮ್ಮ ನಲವತ್ತೈ..." ಎಂದು ಬಾಯಿ ತೆರೆದರು.

ನಮ್ಮವರು ಕೈ ಎತ್ತಿ ತಡೆದರು. "ನಿಮ್ದೂ ಬ್ಯಾಡ, ನಮ್ದೂ ಬ್ಯಾಡ. ನಲವತ್ತೆರಡು. ಇದರ ಮುಂದ ಒಂದ ಮಾತ ಆಡಬ್ಯಾಡ್ರಿ."

ಅಲ್ರೀ, ನಲವತ್ತೈದಕ್ಕೆ ನಾನು ತಯಾರಿದ್ದೇನೆ ಎಂದು ಇಂದೂಬಾಯಿ ಎರಡು ಸಲ ಹೇಳಿ ನೋಡಿದರು. ಆಕೆ ಗೊಂದಲದಲ್ಲಿ ಏನೇನೋ ಅನ್ನುತ್ತಿದ್ದಾಳೆ, ತಾವು ಆಡಿದ ಮಾತು ಆಡಿದ್ದೇ ಎಂದು ನಮ್ಮವರು ಒಳಗೆ ಬಂದು ಸಕ್ಕರೆ ಡಬ್ಬಿ ತೆಗೆದುಕೊಂಡು ಹೋಗಿ ಅವರ ಕೈಗೆ ಒಂದು ಮುಷ್ಟಿ ಸುರಿದರು. ನಾನು ಕೆಮ್ಮುತ್ತಲೇ ಇದ್ದೆ. ನನಗೆ ಒಂದು ಲೋಟ ನೀರನ್ನೂ ಕೊಟ್ಟರು.

ಖರೀದಿಪತ್ರಕ್ಕೆ ಸಹಿಯಾದ ದಿನ ಇಂದೂಬಾಯಿ ನನ್ನನ್ನು ಹಿತ್ತಲಿಗೆ ಕರೆದು ಒಂದು ಸಣ್ಣ ಗಂಟು ಕೈಯಲ್ಲಿಟ್ಟರು. "ನಾ ಒಪ್ಪಿದ್ದು ನಲವತ್ತೈದು. ಮೂರ ಸಾವಿರದಾಗ ಒಲಿ ಕಟ್ಟಸಾಕ ಐನೂರ ಹಿಡಕೊಂಡೀನಿ" ಎಂದರು. ಬೇಡವೆನ್ನಲು ಹೋದೆ. ಅವರು ಬೆರಳು ಎತ್ತಿ, "ಬಾಯಿ, ಇನ್ನ ಚೌಕಾಸಿ ಬ್ಯಾಡ" ಎಂದರು.

ಅತ್ತ ಅಥಣಿಯಲ್ಲಿ ನಮ್ಮವರು ಪಾಯಪ್ಪ ಮಾಸ್ತರನ್ನು ಇಳಿಸಲು ಹೋಗಿ ಎರಡು ದಿನ ಬರಿಗೈಯಲ್ಲಿ ಬಂದರು. ಮಾಸ್ತರು ವಾದ ಮಾಡಲಿಲ್ಲ, ಸುಮ್ಮನೆ ಪೇಪರು ಓದಿದರಂತೆ. ಯುಗಾದಿಗೆ ನಾಲ್ಕು ದಿನ. ಮೂರನೆಯ ದಿನ ಇವರು ಹೋಗುವ ಮುಂಚೆ ನಾನೇ ಹೋಗಿ ಗಂಟನ್ನು ಮಾಸ್ತರ ಮುಂದಿಟ್ಟೆ. ಇದನ್ನು ಮೊದಲೇ ಹಿಡಿದುಕೊಂಡು, ಅವರು ಬಂದಾಗ ಇಳಿದಂತೆ ಮಾಡಬೇಕು, ಉಳಿದ ಐನೂರು ರೂಪಾಯಿಯನ್ನು ಆಮೇಲೆ ಹೇಗಾದರೂ ಹೊಂದಿಸುತ್ತೇನೆ ಎಂದೆ. ಹೀಗೇಕೆ ಎಂದು ಮಾಸ್ತರು ಕೇಳಿದರು. ಅವರಿಗೂ ಎಲ್ಲ ಹೇಳಬೇಕಾಯಿತು. ಮೂವತ್ತು ವರ್ಷದ ಗಣಿತದ ಮುಖ ಶೇಂಗಾ ತನಕ ಬಿಗಿಯಾಗಿಯೇ ಇತ್ತು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, ಐನೂರು ಕೊಡುವುದು ಬೇಡ ಬಿಡಿ ಎಂದರು. ಆ ಸಂಜೆ ನಮ್ಮವರು ಮೆಟ್ಟಿಲು ಹಾರಿಕೊಂಡು ಬಂದು, ಮಾಸ್ತರನ್ನು ಮೂರು ಸಾವಿರ ಇಳಿಸಿದೆ ಎಂದರು.

ಗೃಹಪ್ರವೇಶಕ್ಕೆ ಇಂದೂಬಾಯಿ ಬಂದರು, ಶೇಡಬಾಳದಿಂದ ಮಾಸ್ತರೂ ಬಂದರು. ಗಂಗಕ್ಕ ಬಂದು ಮೊದಲು ಹೊಸ ಮನೆಯ ಒಲೆಯ ಬುಡ ನೋಡಿದರು. ಹೋಳಿಗೆ ಬಡಿಸುವಾಗ ನಮ್ಮವರು ತುಪ್ಪದ ಪಾತ್ರೆ ಹಿಡಿದು, ಇವರನ್ನು ಹೀಗೆ ಬಗ್ಗಿಸಿದೆ, ಅವರನ್ನು ಹಾಗೆ ಇಳಿಸಿದೆ ಎಂದು ಪಂಕ್ತಿಗೆಲ್ಲ ಕೇಳುವಂತೆ ಹೇಳಿದರು. ಇಂದೂಬಾಯಿ ಎಲೆಯಿಂದ ತಲೆ ಎತ್ತದೆ, ಭಾಳ ಗಟ್ಟಿ ಮನುಷ್ಯಾರ್ರಿ ಇವರು ಎಂದರು. ಮಾಸ್ತರು ಗಂಭೀರವಾಗಿ ತಲೆಯಾಡಿಸಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಎಲ್ಲರೂ ಹೋದ ಮೇಲೆ ನಾನು ಬಾವಿಯ ಕಟ್ಟೆಯ ಮೇಲೆ ಕೂತಿದ್ದೆ. ಮಕ್ಕಳು ಬರಿಗಾಲಲ್ಲಿ ಮನೆತುಂಬ ಓಡುತ್ತಿದ್ದರು. ನಮ್ಮವರು ಬಂದು ಪಕ್ಕದಲ್ಲಿ ಕೂತರು. ಇದ್ದಕ್ಕಿದ್ದಂತೆ ಧೈರ್ಯ ಕಳೆದುಕೊಂಡವರ ಹಾಗೆ ಕೇಳಿದರು, "ನೀ ಏನಂತಿ? ಇನ್ನೂ ಸ್ವಲ್ಪ ಜಗ್ಗಬೇಕಿತ್ತೇನು?"

ಆ ಇಡೀ ಮನೆ ಮಾರಾಟದಲ್ಲಿ ಅವರು ನನ್ನ ಅಭಿಪ್ರಾಯ ಕೇಳಿದ್ದು ಅದೊಂದೇ ಸಲ. ನಾನು ಬಹಳ ವಿಚಾರ ಮಾಡುವವಳಂತೆ ಬಾವಿಯೊಳಗೆ ಬಗ್ಗಿ ನೋಡಿದೆ. ಆಮೇಲೆ, ಇಲ್ಲ, ಸರಿಯಾಗಿ ಮಾಡೀರಿ ಎಂದೆ.